ಹೆಂಡತಿಯ ಚುಚ್ಚುಮದ್ದಿನಲ್ಲಿ ಅರ್ಧ ಪಾಲು

ಲಿಫ್ಟ್ ರಿಪೇರಿ ಮಾಡುವವನಿಗೆ ಹೊಟ್ಟೆ ಬರಬಾರದು. ಬಂದರೂ ಲಿಫ್ಟಿನ ಚಾವಣಿಯಲ್ಲಿರುವ ಚೌಕ ಕಿಂಡಿಯ ಅಳತೆ ಮೀರಬಾರದು. ನಮ್ಮ ಕಥಾನಾಯಕನದು ಮೀರಿತ್ತು. ಎರಡು ಮಹಡಿಗಳ ನಡುವೆ ಕೆಟ್ಟು ನಿಂತ ಲಿಫ್ಟಿನೊಳಕ್ಕೆ ಮೇಲಿನಿಂದ ಇಳಿಯಲು ಹೋಗಿ ಸೊಂಟದ ಹತ್ತಿರ ಸಿಕ್ಕಿಕೊಂಡ. ಒಳಗಿದ್ದವರಿಗೆ ಕಂಡದ್ದು ಎರಡು ಕಾಲುಗಳು ಮಾತ್ರ. (ಅವರಲ್ಲಿದ್ದ ಒಬ್ಬ ಅಜ್ಜಿ ಆ ಕಾಲುಗಳಿಗೇ ಧೈರ್ಯ ಹೇಳಿದರಂತೆ.) ಅಂದಿನಿಂದ ಜೊತೆಯ ಕೆಲಸಗಾರರೆಲ್ಲ ಅವನನ್ನು ಬಿರಡೆ ಎಂದೇ ಕರೆದರು. ಹೆಸರಿಗೇನೋ ಅವನು ಒಗ್ಗಿಕೊಂಡ. ಇನ್ನೊಮ್ಮೆ ಸಿಕ್ಕಿಕೊಂಡರೆ ಕೆಲಸ ಬಿಟ್ಟು ಹೋಗಬೇಕಾಗುತ್ತದೆ ಎಂದು ಮೇಲ್ವಿಚಾರಕರು ಹೇಳಿದ್ದು ಮಾತ್ರ ಅರಗಲಿಲ್ಲ.

ಅದೇ ಹೊತ್ತಿಗೆ ಅವನ ಹೆಂಡತಿಯ ಸಕ್ಕರೆ ಕಾಯಿಲೆಗೆ ಡಾಕ್ಟರು ವಾರಕ್ಕೊಂದು ಚುಚ್ಚುಮದ್ದು ಬರೆದುಕೊಟ್ಟರು. ಸಕ್ಕರೆಯ ಜೊತೆಗೆ ಮೈಯೂ ಇಳಿಯುತ್ತದೆ ಎಂದರು. ಬಿರಡೆಯ ಕಿವಿ ನೆಟ್ಟಗಾಯಿತು. ಹೆಂಡತಿಗೆ ಸೂಜಿ ಕಂಡರೆ ಜೀವವೇ ಹೋದಂತಾಗುತ್ತಿದ್ದರಿಂದ ಚುಚ್ಚುವ ಮಹತ್ಕಾರ್ಯ ಗಂಡನ ಪಾಲಿಗೆ ಬಂತು. ಅವಳು ಮುಖ ತಿರುಗಿಸಿಕೊಂಡು ಆಯಿತಾ ಎಂದು ಕೇಳುವಳು, ಇವನು ಆಯಿತು ಎನ್ನುವನು. ಆಗಿರುತ್ತಿದ್ದದ್ದು ಅರ್ಧ. ಉಳಿದರ್ಧ ಬಚ್ಚಲುಮನೆಯಲ್ಲಿ, ಬೇರೆ ಸೂಜಿಯಿಂದ, ಇವನ ಹೊಟ್ಟೆಗೆ. ಅರ್ಧಾಂಗಿ ಎಂದಮೇಲೆ ಔಷಧಿಯಲ್ಲೂ ಅರ್ಧ ತನ್ನದೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಕಳ್ಳ ಮನಸ್ಸು, ಬೇಗ ಸಮಾಧಾನವಾಯಿತು.

ಹೊಟ್ಟೆ ಕರಗಿತು. ಕಿಂಡಿಯಲ್ಲಿ ಸರಾಗವಾಗಿ ಇಳಿದು ಹತ್ತಿ, ಬಿರಡೆ ಬೀಗಿದ. ಹೆಂಡತಿಗೆ ಕಂಡದ್ದೇ ಬೇರೆ. ತನ್ನ ಕಾಯಿಲೆಯ ಕೊರಗಿನಲ್ಲೇ ಈ ಮನುಷ್ಯ ಸವೆದುಹೋಗುತ್ತಿದ್ದಾನೆಂದು ತಿಳಿದು, ಅವನ ತಟ್ಟೆಗೆ ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಸಕ್ಕರೆಯಂತೂ ಇಳಿಯಲಿಲ್ಲ. ಅವಳು ಕೆಲಸ ಮಾಡುವ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತರೆ ಕಾಗದಗಳ ಮೇಲಿನ ವಿಳಾಸಗಳು ಮಂಜಾಗತೊಡಗಿದವು. ಕಣ್ಣು ಹೋದರೆ ಗತಿಯೇನು ಎಂದು ಅವಳು ಹೆದರಿದಳು. ಡಾಕ್ಟರು ತಲೆ ಕೆರೆದುಕೊಂಡು ಔಷಧಿಯನ್ನು ಎರಡು ಪಟ್ಟು ಮಾಡಿದರು.

ಹೆಂಡತಿ ಸುಮ್ಮನೆ ಕೂರುವ ಪೈಕಿಯವಳಲ್ಲ. ಹಿಡಿ ಕಿತ್ತ ಬಕೆಟ್ಟಿಗಾಗಿ ಅಂಗಡಿಯ ಮುಂದೆ ಧರಣಿ ಕೂತವಳು. ಔಷಧಿಯೇ ಕಳಪೆ ಎಂದು ತೀರ್ಮಾನಿಸಿ, ವಕೀಲನಾಗಿದ್ದ ತಮ್ಮನನ್ನು ಕರೆಸಿದಳು. ವಾಂತಿಯಂಥ ಅಡ್ಡಪರಿಣಾಮಗಳನ್ನು ಮೊದಲೇ ತಿಳಿದುಕೊಳ್ಳುವುದು ರೋಗಿಯ ಹಕ್ಕು, ಕಳಪೆ ಮಾಲಿಗೆ ಪರಿಹಾರ ಕೇಳುವುದೂ ಹಕ್ಕು, ಸೀಸೆಯನ್ನು ಪರೀಕ್ಷೆಗೆ ಕಳಿಸೋಣ ಎಂದು ಅವನು ಹುರುಪಿನಿಂದ ಹೇಳಿದ. ಬಿರಡೆ, ಯಾರೋ ಒಬ್ಬ ಸ್ನೇಹಿತ ಬೇರೆಯವರಿಗೆ ಬರೆದುಕೊಟ್ಟ ಔಷಧಿ ತೆಗೆದುಕೊಂಡು ಹೆಚ್ಚುಕಡಿಮೆಯಾದರೆ ಅವನಿಗೆ ಯಾವ ಹಕ್ಕಿದೆ ಎಂದು ವಿಚಾರಿಸಿದ.

"ಅಂಥವನಿಗೆ ಹಕ್ಕೆಲ್ಲಿ ಬಂತು ಭಾವ, ಬರೀ ವಾಂತಿ" ಎಂದ ಬಾಮೈದ.

ಆ ವಾರ ಬಿರಡೆಗೆ ಬುದ್ಧಿ ಬಂತು. ಇನ್ನು ಒಂದು ಹನಿಯನ್ನೂ ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ಆಣೆಯಿಟ್ಟು, ಎರಡು ಪಟ್ಟಾಗಿದ್ದ ಔಷಧಿಯನ್ನು ಪೂರ್ತಿ ಅವಳಿಗೇ ಚುಚ್ಚಿದ. ಮದುವೆಯಾದಾಗಿನಿಂದ ಅಷ್ಟು ಪ್ರಾಮಾಣಿಕವಾಗಿ ಅವನು ಮಾಡಿದ ಕೆಲಸ ಇನ್ನೊಂದಿಲ್ಲ. ಅರ್ಧಕ್ಕೆ ಒಗ್ಗಿದ್ದ ಅವಳ ಮೈಗೆ ಒಮ್ಮೆಲೇ ನಾಲ್ಕು ಪಟ್ಟು ಬಿದ್ದಂತಾಯಿತು. ಮರುದಿನದಿಂದ ವಾಂತಿ, ಹೊಟ್ಟೆ ಹಿಂಡುವ ನೋವು. ಗುಟುಕು ನೀರೂ ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ಅವಳಿಗೆ ಕೂರುವ ತ್ರಾಣವೂ ಇರಲಿಲ್ಲ.

ಹಾಸಿಗೆಯ ಪಕ್ಕ ನಿಂತ ಡಾಕ್ಟರು, ಇಷ್ಟು ದಿನ ತಡೆದುಕೊಂಡ ಮೈ ಈಗೇಕೆ ಹೀಗಾಯಿತೋ ತಿಳಿಯುತ್ತಿಲ್ಲ, ಕಾರಣ ಗೊತ್ತಾಗದೆ ಮುಂದಿನ ಔಷಧಿ ಕೊಡಲು ಭಯ ಎಂದರು. ಬಾಮೈದ ಕಂಪನಿಯ ಮೇಲೆ ದಾವೆ ಹೂಡುವುದೇ ಸೈ ಎಂದು ಗುಡುಗಿದ. ಬಿರಡೆ ಬಾಯಿ ಮುಚ್ಚಿಕೊಂಡಿದ್ದರೆ ಪರಿಹಾರವೂ ಬರುತ್ತಿತ್ತೇನೋ. ಆದರೆ ಬಿಳುಚಿದ ಅವಳ ಮುಖ ನೋಡಿ ಅವನಿಗೆ ಕರುಳು ಕಿತ್ತುಬಂತು.

"ಅರ್ಧ ನಾನೇ ಚುಚ್ಕೋತಿದ್ದೆ ಡಾಕ್ಟ್ರೇ. ಇವಳಿಗೆ ಪೂರ್ತಿ ಕೊಟ್ಟಿದ್ದು ಇದೇ ಮೊದಲು."

ಡಾಕ್ಟರು ಅವನನ್ನು ಒಮ್ಮೆ ನೋಡಿ, ನರ್ಸನ್ನು ಕರೆಯಲು ಹೋದರು. ಬಾಮೈದ ಕಿಟಕಿಯ ಕಡೆ ತಿರುಗಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ ಬಿರಡೆಗೆ ಬೈಗುಳ ಬರಲಿಲ್ಲ.

"ಡಾಕ್ಟ್ರ ಮೇಲೆ ಸಂಶಯ ಪಟ್ಟೆ, ಔಷಧಿ ಅಂಗಡಿಯವನ ಮೇಲೂ ಪಟ್ಟೆ" ಎಂದಳು ಹೆಂಡತಿ, ಉಸಿರು ಎಳೆದುಕೊಳ್ಳುತ್ತಾ. "ನೀವು ಸೊರಗ್ತಿದೀರಿ ಅಂತ ಅಳ್ತಿದ್ನಲ್ರೀ ನಾನು."

ಅವಳ ಎರಡೂ ಕೈ ಹಿಡಿದು ತಪ್ಪಾಯಿತು ಎನ್ನಬೇಕೆಂದು ಅವನ ಜೀವ ಹಂಬಲಿಸಿತು. ಬರುವ ಗಾಬರಿಯಲ್ಲಿ ಬೆಲ್ಟು ಮನೆಯಲ್ಲೇ ಉಳಿದಿತ್ತು. ಹಿಡಿತ ಬಿಟ್ಟರೆ ಪ್ಯಾಂಟು ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡು ಇನ್ನೊಂದನ್ನು ಚಾಚಿದ. ಅವಳು ಆ ಕೈಯನ್ನು ನೋಡಿದಳು. ಅದರಲ್ಲಿ ಸೂಜಿ ಇಲ್ಲವೆಂದು ಖಾತ್ರಿಯಾದ ಮೇಲೂ ಹಿಡಿಯಲಿಲ್ಲ.