ಕ್ರೇನಕ್ಕನ ಕೈಸನ್ನೆ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಎರಡು ಚೌಕ. ಎರಡೂ ಸೇರಿದರೆ ಅಂಗಿಯ ಗುಂಡಿಯಷ್ಟು ಅಗಲವಿರಲಿಲ್ಲ. ಕಾರ್ಖಾನೆಯಿಂದ ಬಂದ ಕಾಗದದಲ್ಲಿ ಒಂದರ ಮುಂದೆ ‘ಕೆಲಸಕ್ಕೆ ಮರಳುತ್ತೇನೆ’ ಎಂದೂ ಇನ್ನೊಂದರ ಮುಂದೆ ‘ಕೆಲಸ ಬಿಡುತ್ತೇನೆ’ ಎಂದೂ ಅಚ್ಚಾಗಿತ್ತು. ಅವುಗಳ ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ ಇನ್ನೇನೇನೋ ಇತ್ತು. ಅದನ್ನು ಯಾರು ಓದುತ್ತಾರೆ? ಒಂದು ಚೌಕಕ್ಕೆ ಗುರುತು ಹಾಕಿ ಮಧ್ಯಾಹ್ನ ಹನ್ನೆರಡರೊಳಗೆ ಕೊಡದಿದ್ದರೆ ಕೆಲಸ ಹೋದ ಹಾಗೆಯೇ.

ಕ್ರೇನಕ್ಕ ಬೆಳಿಗ್ಗೆಯಿಂದ ಪೆನ್ನು ಹಿಡಿದು ಕೂತಿದ್ದಳು. ಎಡಗಡೆ ಚೌಕದ ಮೇಲೆ ಪೆನ್ನು ಇಡುವಳು. ಒಂದೂವರೆ ವರ್ಷದ ಚಿಕ್ಕವನು ಬಂದು ಮೊಣಕಾಲು ತಬ್ಬುವನು. ಬಲಗಡೆಗೆ ಸರಿಸುವಳು, ದೂರದಲ್ಲಿ ಕಾರ್ಖಾನೆಯ ಸೈರನ್ ಕೂಗುವುದು. ಗಂಡನನ್ನು ಕೇಳಿದಳು. ಆತ ಬಸ್ಸಿನ ಡ್ರೈವರು. “ನಿನ್ನಿಷ್ಟ” ಎಂದು ಬೂಟು ಹಾಕಿಕೊಂಡು ಹೋದ. ಲೋಕದಲ್ಲಿ ಜಗಳ ತಪ್ಪಿಸಿಕೊಳ್ಳಲು ಗಂಡಸರು ಕಂಡುಹಿಡಿದ ಮಾತುಗಳಲ್ಲಿ ಇದರಷ್ಟು ಮೈಯುರಿಸುವ ಮಾತು ಇನ್ನೊಂದಿಲ್ಲ.

ಕ್ರೇನಕ್ಕ ಅಂದರೆ ಸಾಮಾನ್ಯದವಳಲ್ಲ. ನೀರಿನ ಪಂಪು ಮಾಡುವ ಆ ಕಾರ್ಖಾನೆಯಲ್ಲಿ, ಶೆಡ್ಡಿನ ಮಾಡಿಗೆ ತಲೆ ತಾಗುವ ಹಾಗೆ ಓಡುವ ದೊಡ್ಡ ಕ್ರೇನನ್ನು, ಚಿಕ್ಕವನು ಹುಟ್ಟಿ ರಜೆ ಹಾಕುವ ತನಕ, ಏಳು ವರ್ಷ ನಡೆಸಿದವಳು. ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ ಗಾಜಿನ ಗೂಡಿನಲ್ಲಿ ಕೂತಳೆಂದರೆ, ಪಂಪಿನ ಎರಡು ಟನ್ನಿನ ಕಬ್ಬಿಣದ ಕವಚವನ್ನು ಮೊಟ್ಟೆಯ ಮೇಲೆ ಇಳಿಸಿ ಮೊಟ್ಟೆ ಒಡೆಯದಂತೆ ನಿಲ್ಲಿಸುತ್ತಾಳೆ ಎಂದು ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವಳು ಹೆಚ್ಚಾಗಿ ಅವಳೇ. ಆದರೆ ಸುಳ್ಳಲ್ಲ.

ಆ ಶೆಡ್ಡಿನ ಗದ್ದಲದಲ್ಲಿ ಬಾಯಿಗೆ ಕೆಲಸವಿಲ್ಲ. ಕೆಳಗೆ ಹಳದಿ ಹೆಲ್ಮೆಟ್ಟಿನವನೊಬ್ಬ ನಿಂತು ಬೆರಳನ್ನು ಮೇಲಕ್ಕೆ ತೋರಿಸಿ ತಿರುಗಿಸಿದರೆ ಎತ್ತು. ಕೆಳಕ್ಕೆ ತೋರಿಸಿ ತಿರುಗಿಸಿದರೆ ಇಳಿಸು. ಕೈ ಯಾವ ಕಡೆ ಚಾಚಿದರೆ ಆ ಕಡೆ ನಡೆ. ಹಳದಿ ಹೆಲ್ಮೆಟ್ಟು ಬಿಟ್ಟು ಬೇರೆ ಯಾರು ಕುಣಿದರೂ, ಮ್ಯಾನೇಜರೇ ಕುಣಿದರೂ, ಕ್ರೇನು ಅಲ್ಲಾಡಬಾರದು. ಒಂದು ಸನ್ನೆ ಮಾತ್ರ ಯಾರು ಬೇಕಾದರೂ ಮಾಡಬಹುದು. ಎರಡೂ ಕೈ ಅಗಲಿಸಿ ಅಡ್ಡಡ್ಡ ಬೀಸಿದರೆ, ನಿಲ್ಲಿಸು. ಕಸ ಗುಡಿಸುವವರು ಬೀಸಿದರೂ ನಿಲ್ಲಿಸಲೇಬೇಕು.

ಮನೆಯಲ್ಲೂ ಅವಳ ಆಡಳಿತ ಹಾಗೇ ನಡೆಯುತ್ತಿತ್ತು. ನಾಲ್ಕು ವರ್ಷದ ದೊಡ್ಡವಳು ಮಂಚದ ಮೇಲೆ ಹತ್ತಿದರೆ ಕ್ರೇನಕ್ಕ ಬೆರಳು ಕೆಳಕ್ಕೆ ತಿರುಗಿಸುವಳು, ಹುಡುಗಿ ಇಳಿಯುವಳು. ಎರಡು ಕೈ ಬೀಸಿದರೆ ಮಕ್ಕಳಿಬ್ಬರೂ ಬೊಂಬೆಗಳ ಹಾಗೆ ನಿಲ್ಲುವರು. ಚಿಕ್ಕವನಿಗೆ ಇನ್ನೂ ನೆಟ್ಟಗೆ ‘ಅಮ್ಮ’ ಎನ್ನಲು ಬಾರದು. ಎತ್ತಿಕೊಳ್ಳಬೇಕಾದರೆ ಒಂದು ಬೆರಳು ಮೇಲೆ ಮಾಡಿ ಗರಗರ ತಿರುಗಿಸುವನು, ಥೇಟ್ ಇಪ್ಪತ್ತು ವರ್ಷ ಸರ್ವಿಸ್ ಆದವನ ಹಾಗೆ. ಅದನ್ನು ನೋಡಿದಾಗಲೆಲ್ಲ ಕ್ರೇನಕ್ಕನ ಎದೆ ಉಬ್ಬುತ್ತಿತ್ತು.

“ಇನ್ನೂ ಗುರುತು ಹಾಕಿಲ್ವೇನೇ?” ಎದುರು ಮನೆಯ ಟೈಲರಮ್ಮ ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡೇ ಒಳಗೆ ಬಂದಳು. “ಮಕ್ಕಳು ಚಿಕ್ಕವಿದ್ದಾಗ ತಾಯಿ ಮನೇಲಿರ್ಬೇಕು, ಅಷ್ಟೇ.”

“ನೀವು ಇದ್ರಾ ಅಕ್ಕ?”

“ನಾನೆಲ್ಲಿದ್ದೆ? ಅಂಗಡಿ ಯಾರು ನೋಡ್ಕೋತಾರೆ? ಅದಕ್ಕೇ ಹೇಳ್ತಿರೋದು. ನನ್ನ ಮಗ ಹೇಗಾದ ನೋಡು!”

“ಡಾಕ್ಟರಾಗಿದಾನಲ್ಲಕ್ಕ?”

“ಹೂಂ, ಆಗಿದಾನೆ. ನನಗೇ ಸಕ್ಕರೆ ತಿನ್ಬೇಡ ಅಂತಾನೆ.”

ಕೆಳಗಿನ ಮನೆಯ ಮೇಷ್ಟ್ರು ಮೆಟ್ಟಿಲಿನಲ್ಲೇ ಇದನ್ನು ಕೇಳಿಸಿಕೊಂಡು ಬಂದರು. ನಿವೃತ್ತರಾಗಿ ಆರು ವರ್ಷವಾದರೂ ಬಗಲಲ್ಲಿ ಕೊಡೆ, ಬಾಯಲ್ಲಿ ಪಾಠ. “ಆಕೆ ಮಾತು ಕೇಳ್ಬೇಡಮ್ಮ. ಕಲಿತ ವಿದ್ಯೆ ತುಕ್ಕು ಹಿಡೀಬಾರ್ದು. ನೀನು ಹೋಗಿ ಕಾರ್ಖಾನೆ ನೋಡ್ಕೊಂಡು ಬಾ. ಮೂರು ಸಾವಿರ ಮಕ್ಕಳನ್ನ ಪಳಗಿಸಿದೀನಿ. ಈ ಎರಡು ನನಗೆ ಯಾವ ಲೆಕ್ಕ?”

ಕ್ರೇನಕ್ಕನಿಗೆ ಇದು ಸರಿಯೆನಿಸಿತು. ನೋಡಿಕೊಂಡೇ ನಿರ್ಧಾರ ಮಾಡುವುದು. ನಿಜ ಹೇಳಬೇಕೆಂದರೆ ಅವಳಿಗೆ ನೋಡಬೇಕಾಗಿದ್ದದ್ದು ಒಂದೇ: ತಾನಿಲ್ಲದೆ ಆ ಕ್ರೇನು ಎಷ್ಟು ಕೆಟ್ಟದಾಗಿ ಓಡುತ್ತಿದೆ ಅಂತ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಬಸ್ ನಿಲ್ದಾಣದಲ್ಲಿ ಕಾಲು ಗಂಟೆ ಕಾದಿರಬಹುದು. ಮೇಷ್ಟ್ರು ಬೆವರು ಸುರಿಸಿಕೊಂಡು ಓಡಿಬಂದರು. ಕಂಕುಳಲ್ಲಿ ಚಿಕ್ಕವನು ಗಂಟಲು ಹರಿದುಹೋಗುವ ಹಾಗೆ ಅಳುತ್ತಿದ್ದ. ಹಿಂದೆ ದೊಡ್ಡವಳು, ಅವಳ ಹಿಂದೆ ನಗು ತಡೆಯಲಾರದ ಟೈಲರಮ್ಮ.

“ಡಾಕ್ಟರ ಹತ್ರ ಕರ್ಕೊಂಡು ಹೋಗಮ್ಮ! ಮಗುಗೆ ಏನೋ ಆಗಿದೆ! ಬೆರಳೆತ್ತಿ ಒಂದಕ್ಕೆ ಹೋಗ್ಬೇಕು ಅಂತಾನೆ. ಕರ್ಕೊಂಡು ಹೋದ್ರೆ ಬರಲ್ಲ. ಹೊರಗೆ ತಂದ್ರೆ ಮತ್ತೆ ಬೆರಳು! ಒಂಬತ್ತು ಸಲ ಕರ್ಕೊಂಡು ಹೋದೆ!”

“ಅಯ್ಯೋ ಮೇಷ್ಟ್ರೇ, ಅವನು ಎತ್ಕೊಳ್ಳಿ ಅಂತಿರೋದು!”

“ನಾನು ಹೇಳ್ದೆ ಅಮ್ಮ,” ಎಂದಳು ದೊಡ್ಡವಳು. “ತಾತ ನನ್ನನ್ನ ಬೆಂಚಿನ ಮೇಲೆ ನಿಲ್ಸಿದ್ರು.”

ಬಸ್ಸು ಬಂತು. ವಾದ ಮಾಡಲು ಹೊತ್ತಿರಲಿಲ್ಲ. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಎಳೆದುಕೊಂಡು ಕ್ರೇನಕ್ಕ ಹತ್ತಿಬಿಟ್ಟಳು. ‘ಕೆಲಸ ಬಿಡುತ್ತೇನೆ’ ಚೌಕಕ್ಕೆ ಒಂದು ಅಂಕ ಹೆಚ್ಚಾಯಿತು.

ಕಾರ್ಖಾನೆಯ ಗೇಟು ದಾಟಿದ ಕೂಡಲೇ ಶೆಡ್ಡಿಗೆ ಅಂಟಿಕೊಂಡು ಹೊಸದೊಂದು ಕೋಣೆ ಕಂಡಿತು. ಗೋಡೆಯ ಮೇಲೆ ಹಳದಿ ಬಾತುಕೋಳಿ ಬರೆದಿದ್ದರು. ಒಳಗಿನಿಂದ ಏನೋ ಬಿದ್ದ ಸದ್ದು, ಯಾರೋ ಕಿರುಚಿದ ಸದ್ದು. ಕ್ಯಾಂಟೀನು ದೊಡ್ಡದು ಮಾಡಿದ್ದಾರೆ ಎಂದುಕೊಂಡು ಕ್ರೇನಕ್ಕ ಮುಂದೆ ನಡೆದಳು.

ಫೋರ್‌ಮನ್ನು ಅವಳನ್ನು ನೋಡಿ ಹಲ್ಲುಕಿರಿದ. “ಬಾಮ್ಮ ಬಾ. ನಿನ್ನ ಜಾಗದಲ್ಲಿ ನನ್ನ ಭಾವಮೈದನೇ ಇರೋದು. ಚಿನ್ನದಂಥ ಮನುಷ್ಯ. ರೂಲ್ಸ್ ಅಂದ್ರೆ ರೂಲ್ಸ್. ಹಳದಿ ಹೆಲ್ಮೆಟ್ಟು ಏನು ಹೇಳಿದ್ರೂ ಮಾಡ್ತಾನೆ. ತಾನಾಗಿ ಯೋಚನೆ ಮಾಡೋ ಕೆಟ್ಟ ಅಭ್ಯಾಸ ಇಲ್ಲ.”

ಹೆಲ್ಮೆಟ್ಟಿಲ್ಲದೆ ಯಾರೂ ಶೆಡ್ಡಿನೊಳಗೆ ಕಾಲಿಡುವಂತಿಲ್ಲ. ಕ್ರೇನಕ್ಕನಿಗೆ ಬಿಳಿಯದು ಕೊಟ್ಟ. ಚಿಕ್ಕವನ ತಲೆಗೆ ತನ್ನದನ್ನೇ ಇಟ್ಟ. ದೊಡ್ಡವಳಿಗೆ ಇನ್ನೊಂದಿರಲಿಲ್ಲ. ಸನ್ನೆ ಮಾಡುವವನು ಟೀ ಕುಡಿಯಲು ಹೋಗಿದ್ದ; ಅವನ ಹೆಲ್ಮೆಟ್ಟು ಮೊಳೆಗೆ ನೇತಾಡುತ್ತಿತ್ತು. ಫೋರ್‌ಮನ್ನು ಅದನ್ನೇ ತೆಗೆದು ಹುಡುಗಿಯ ತಲೆಗೆ ಹಾಕಿದ. ಅದು ಮೂಗಿನವರೆಗೂ ಇಳಿಯಿತು. ಬಣ್ಣ ಹಳದಿ.

ಕ್ರೇನಕ್ಕನ ಕಣ್ಣು ಮೇಲೆಯೇ ಇತ್ತು. ಎಂಥ ಎತ್ತರ! ಅಲ್ಲಿ ಕೂತರೆ ಲೋಕವೆಲ್ಲ ಬರಿಯ ತಲೆಗಳು. ಮಧ್ಯಾಹ್ನಕ್ಕೆ ಏನು ಅಡುಗೆ ಎಂದು ಯಾರೂ ಕೇಳುವುದಿಲ್ಲ. ಕೊಕ್ಕೆಗೆ ಪಂಪಿನ ದೊಡ್ಡ ಕವಚವೊಂದು ನೇತಾಡುತ್ತ ಸನ್ನೆಗೆ ಕಾದಿತ್ತು. ಕೆಳಗೆ ನೆರಳು ನೋಡಿ ಮ್ಯಾನೇಜರ್ ಸಾಹೇಬರು ಹೊಸ ಸ್ಕೂಟರ್ ನಿಲ್ಲಿಸಿದ್ದರು. ಅಲ್ಲಿ ಏನೂ ನಿಲ್ಲಿಸಬಾರದೆಂದು ಬೋರ್ಡು ಬರೆಸಿದವರೂ ಅವರೇ.

ಅಷ್ಟರಲ್ಲಿ ಚಿಕ್ಕವನು ಒಂದು ಮರದ ಪೆಟ್ಟಿಗೆಯ ಮೇಲೆ ಹತ್ತಿದ. ಅಕ್ಕ ಅದನ್ನು ನೋಡಿದಳು. ಅಮ್ಮ ಕಲಿಸಿದಂತೆ, ಕೈ ಚಾಚಿ, ಬೆರಳು ಕೆಳಗೆ ಮಾಡಿ, ನೀಟಾಗಿ ತಿರುಗಿಸಿದಳು.

ಚಿಕ್ಕವನು ಇಳಿದ. ಕವಚವೂ ಇಳಿಯಿತು.

ಸ್ಕೂಟರಿನಿಂದ ಹೊರಟ ಶಬ್ದ ತಗಡಿನ ಡಬ್ಬದ ಮೇಲೆ ಆನೆ ಕೂತ ಹಾಗಿತ್ತು. ಹುಡುಗಿಗೆ ಅದೇನೂ ಗೊತ್ತಾಗಲಿಲ್ಲ. ತಮ್ಮ ಹೆದರಿ ಅತ್ತಿದ್ದರಿಂದ, ಅವನನ್ನು ಎತ್ತಿಕೋ ಎಂದು ಅಮ್ಮನಿಗೆ ಬೆರಳು ಮೇಲೆ ಮಾಡಿ ತಿರುಗಿಸಿದಳು. ಕ್ರೇನಕ್ಕ ಮಗನನ್ನು ಎತ್ತಿಕೊಂಡಳು. ಭಾವಮೈದ ಕವಚವನ್ನು ಎತ್ತಿದ. ಕವಚದ ಕಿವಿಯಂಥ ಕೊಂಡಿಗೆ ಹ್ಯಾಂಡಲ್ ಸಿಕ್ಕಿಕೊಂಡು ಸ್ಕೂಟರೂ ಮೇಲಕ್ಕೆ ಹೊರಟಿತು, ಮೊಲದ ಮರಿಯ ಕಿವಿ ಹಿಡಿದು ಎತ್ತಿದ ಹಾಗೆ.

ಮ್ಯಾನೇಜರ್ ಸಾಹೇಬರು ಹೊರಗೆ ಓಡಿಬಂದರು. ಬೊಬ್ಬೆ ಹೊಡೆದರು. ಮುಷ್ಟಿ ಆಡಿಸಿದರು. ನೆಗೆದರು. ತಲೆಯ ಮೇಲೆ ಹಳದಿ ಇರಲಿಲ್ಲ. ಭಾವಮೈದ ಅತ್ತ ತಿರುಗಿಯೂ ನೋಡಲಿಲ್ಲ.

“ಅಮ್ಮಾ, ಆ ಮಾಮ ಯಾಕೆ ಕುಣೀತಿದಾರೆ?” ಎಂದು ದೊಡ್ಡವಳು ಅವರತ್ತ ಕೈ ಚಾಚಿದಳು.

ಕ್ರೇನು ಆ ಕಡೆ ಹೊರಟಿತು. ಸಾಹೇಬರು ಓಡಿದರು. ಹುಡುಗಿಯ ಕೈ ಅವರ ಹಿಂದೆಯೇ ತಿರುಗಿತು. ಸ್ಕೂಟರು ತನ್ನ ಯಜಮಾನರನ್ನು ಅಟ್ಟಿಸಿಕೊಂಡು ಹೋಗುವುದನ್ನು ಆ ಶೆಡ್ಡಿನವರು ಹಿಂದೆಂದೂ ಕಂಡಿರಲಿಲ್ಲ.

ಕ್ರೇನಕ್ಕ ಮಗನನ್ನು ಫೋರ್‌ಮನ್ನಿನ ಕೈಗೆ ತುರುಕಿ ಎರಡೂ ಕೈ ಅಗಲಿಸಿ ಬೀಸಿದಳು. ಕ್ರೇನು ನಿಂತಿತು. ಮಕ್ಕಳಿಬ್ಬರೂ ಬೊಂಬೆಗಳಾದರು. ಅಭ್ಯಾಸಬಲದಿಂದ ಫೋರ್‌ಮನ್ನೂ ನಿಂತ.

“ಇಳಿಯೋ ಕೆಳಗೆ, ಚಿನ್ನದಂಥ ಮನುಷ್ಯ!” ಎಂದು ಗುಡುಗಿ ಅವಳು ಸೆರಗು ಬಿಗಿದು ಏಣಿ ಹತ್ತಿದಳು. ಒಂದೂವರೆ ವರ್ಷದ ಮೇಲೆ ನಲವತ್ತೆರಡು ಮೆಟ್ಟಿಲು. ಇಪ್ಪತ್ತಕ್ಕೆ ಏದುಸಿರು, ಮೂವತ್ತಕ್ಕೆ ಬೆವರು. ಗೂಡಿನಲ್ಲಿ ಕೂತು ಸನ್ನೆಕೋಲಿನ ಮೇಲೆ ಕೈಯಿಟ್ಟಳು. ಕೈ ಏನನ್ನೂ ಮರೆತಿರಲಿಲ್ಲ. ಮೊದಲು ಕೆಳಗೆ ನೋಡಿ ಮಗಳಿಗೆ ಅಂಗೈ ತಗ್ಗಿಸಿ ತೋರಿಸಿದಳು: ಕೂತ್ಕೋ. ಹುಡುಗಿ ತಮ್ಮನನ್ನು ಫೋರ್‌ಮನ್ನಿನ ಕೈಯಿಂದ ಎಳೆದುಕೊಂಡು ಗೋಡೆಯ ಪಕ್ಕ ಕೂತಳು. ಇಬ್ಬರೂ ಮಿಸುಕಲಿಲ್ಲ. ಆಮೇಲೆ ಕ್ರೇನಕ್ಕ ಆ ಎರಡು ಟನ್ನನ್ನು ಕೂದಲೆಳೆಯಷ್ಟೂ ಓಲಾಡಿಸದೆ ನಡೆಸಿ, ಸ್ಕೂಟರಿನ ಚಕ್ರಗಳನ್ನು ಮಗುವಿನ ಪಾದ ಊರಿಸಿದ ಹಾಗೆ ನೆಲಕ್ಕೆ ಊರಿಸಿ, ಹ್ಯಾಂಡಲ್ ಬಿಡಿಸಿ, ಕವಚವನ್ನು ಅದರ ಪೀಠದ ಮೇಲೆ ಕೂರಿಸಿದಳು. ಒಂದು ಚೂರು ಸದ್ದಿಲ್ಲ.

ಶೆಡ್ಡು ಚಪ್ಪಾಳೆಯಿಂದ ತುಂಬಿಹೋಯಿತು. ದೊಡ್ಡವಳು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು, “ಅದು ನಮ್ಮಮ್ಮ!”

ಏಣಿ ಇಳಿಯುವಾಗ ಕ್ರೇನಕ್ಕನ ಕಣ್ಣು ಮಂಜಾಗಿತ್ತು. ಮನೆಯಲ್ಲೇ ಉಳಿದಿದ್ದರೆ ಮಗಳಿಗೆ ಇದನ್ನು ತೋರಿಸಲು ಆಗುತ್ತಿತ್ತೇ? ಮಕ್ಕಳನ್ನು ಯಾರ ಬಳಿ ಬಿಡುವುದು ಎಂಬುದನ್ನು ನಾಳೆ ಯೋಚಿಸಿದರಾಯಿತು.

ಮ್ಯಾನೇಜರ್ ಸಾಹೇಬರು ಚಪ್ಪಟೆಯಾದ ಸ್ಕೂಟರನ್ನು ತಿರುಗಿಯೂ ನೋಡದೆ ನೇರ ಅವಳ ಬಳಿ ಬಂದರು. ಕಣ್ಣು ಹೊಳೆಯುತ್ತಿತ್ತು.

“ಅಷ್ಟು ಎತ್ತರದಿಂದ, ಬಾಯಿ ಬಿಡದೆ, ಬರೀ ಕೈಯಲ್ಲಿ! ನಾನು ಜನ್ಮದಲ್ಲಿ ನೋಡಿರ್ಲಿಲ್ಲಮ್ಮ.”

“ಅಭ್ಯಾಸ ಸಾರ್,” ಎಂದಳು ಕ್ರೇನಕ್ಕ, ಎದೆ ಉಬ್ಬಿಸಿ.

“ಯಾವಾಗ್ಲೂ ಹೀಗೇ ಮಾತು ಕೇಳುತ್ತಾ?”

“ನನ್ನ ಕೈಯಲ್ಲಿ ಕೇಳ್ದೆ ಎಲ್ಲಿ ಹೋಗುತ್ತೆ ಸಾರ್?”

“ಎಲ್ಲಮ್ಮ ಆ ಕಾಗದ? ಹನ್ನೆರಡಾಗ್ತಾ ಬಂತು. ಹಾಕು, ಹಾಕು!”

ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಕ್ರೇನಕ್ಕ ಫೋರ್‌ಮನ್ನಿನ ಬೆನ್ನ ಮೇಲೆ ಕಾಗದ ಇಟ್ಟು ‘ಕೆಲಸಕ್ಕೆ ಮರಳುತ್ತೇನೆ’ ಎಂಬ ಚೌಕಕ್ಕೆ, ಕಾಗದ ಹರಿಯುವ ಹಾಗೆ, ಗುರುತು ಹಾಕಿ ಸಹಿ ಮಾಡಿದಳು. ಸಾಹೇಬರು ಅದನ್ನು ಕಿತ್ತುಕೊಂಡು ಜೇಬಿಗಿಳಿಸಿ ಜೋರಾಗಿ ಉಸಿರುಬಿಟ್ಟರು.

“ಇವತ್ತಿಂದಲೇ ಶುರು. ಬಾ.”

ಅವಳು ಏಣಿಯ ಕಡೆ ತಿರುಗಿದಳು. ಸಾಹೇಬರು ಬಾತುಕೋಳಿ ಕೋಣೆಯ ಕಡೆ ನಡೆದರು.

“ಸಾರ್, ಕ್ರೇನು ಈ ಕಡೆ.”

“ಕ್ರೇನಿಗೆ ಫೋರ್‌ಮನ್ನಿನ ಭಾವಮೈದ ಇದಾನಲ್ಲಮ್ಮ. ಸರಿಯಾದ ತಲೆ ಮೇಲೆ ಹೆಲ್ಮೆಟ್ಟಿದ್ರೆ ಕೆಲಸ ನಡೆಯುತ್ತೆ. ಕೆಲಸಗಾರರ ಮಕ್ಕಳಿಗೆ ಕೋಣೆ ಮಾಡಿ ಆರು ತಿಂಗಳಾಯ್ತು. ನೋಡ್ಕೊಳ್ಳೋಕೆ ಬಂದ ಮೂರು ಜನ ಓಡಿಹೋದ್ರು. ಒಬ್ಬಳು ಚಪ್ಪಲಿ ಬಿಟ್ಟು ಓಡಿದಾಳೆ. ನಾಳೆ ಕೋಣೆ ತಪಾಸಣೆಗೆ ಇನ್‌ಸ್ಪೆಕ್ಟರ್ ಬರ್ತಾರೆ. ನಿನ್ನ ಮಕ್ಕಳು ಗೋಡೆ ಪಕ್ಕ ಕೂತ ರೀತಿ ನೋಡಿದೆ ನೋಡು, ಆಗ್ಲೇ ನಿಶ್ಚಯ ಮಾಡಿಬಿಟ್ಟೆ!”

“ನಾನು ಸಹಿ ಮಾಡಿದ್ದು ಕ್ರೇನಿಗೆ!”

ಸಾಹೇಬರು ಕಾಗದ ತೆಗೆದು ಇರುವೆ ಸಾಲಿನ ಮೇಲೆ ಬೆರಳಿಟ್ಟರು. ‘ಸಂಸ್ಥೆಯು ವಹಿಸುವ ಯಾವುದೇ ಕೆಲಸವನ್ನು ಒಪ್ಪಿರುತ್ತೇನೆ.’

ಬಾಗಿಲು ತೆರೆಯಿತು. ಒಳಗೆ ಹದಿಮೂರು ಮಕ್ಕಳು. ಒಂದು ಪರದೆಗೆ ಜೋತುಬಿದ್ದಿತ್ತು, ಎರಡು ಮೇಜಿನ ಮೇಲೆ ಕಾದಾಡುತ್ತಿದ್ದವು, ಒಂದು ಇನ್ನೊಂದರ ಬೂಟು ತಿನ್ನುತ್ತಿತ್ತು. “ಆ ಪರದೆ ಮೇಲಿರೋದು ನಂದು,” ಎಂದು ಸಾಹೇಬರು ಮೆಲ್ಲಗೆ ಹೇಳಿ, ಹೊರಗಿನಿಂದ ಬಾಗಿಲು ಎಳೆದುಕೊಂಡರು.

ಕ್ರೇನಕ್ಕ ತನ್ನಿಬ್ಬರು ಮಕ್ಕಳನ್ನು ಪಕ್ಕಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಅಗಲಿಸಿ ಬೀಸಿದಳು.

ಕಿಟಕಿಯಾಚೆ ಶೆಡ್ಡಿನಲ್ಲಿ, ಚಪ್ಪಟೆ ಸ್ಕೂಟರನ್ನು ಲಾರಿಗೆ ಏರಿಸುತ್ತಿದ್ದ ಕ್ರೇನು ಗಕ್ಕನೆ ನಿಂತಿತು. ಗೂಡಿನಿಂದ ಭಾವಮೈದ ವಿಧೇಯನಾಗಿ ಇತ್ತಲೇ ನೋಡುತ್ತಿದ್ದ. ಫೋರ್‌ಮನ್ನು ನಿಂತ. ಲಾರಿ ನಿಂತಿತು. ಒಂದು ಗಳಿಗೆಯಲ್ಲಿ ಇಡೀ ಕಾರ್ಖಾನೆ ಅವಳ ಕೈಗೆ ಕಟ್ಟುಬಿದ್ದು ನಿಂತಿತು.

“ನೋಡಿದ್ಯಾ, ಎಲ್ಲಾ ನಿಂತ್ಬಿಡ್ತು!” ಎಂದು ದೊಡ್ಡವಳು ಹೆಮ್ಮೆಯಿಂದ ತಮ್ಮನಿಗೆ ತೋರಿಸಿದಳು.

ಹದಿಮೂರು ಮಕ್ಕಳು ಮಾತ್ರ ನಿಲ್ಲಲಿಲ್ಲ. ಅವುಗಳಲ್ಲಿ ತೀರ ಚಿಕ್ಕದೊಂದು ತೆವಳಿಕೊಂಡು ಬಂದು ಅವಳ ಸೀರೆ ಹಿಡಿದು ನಿಂತಿತು. ಎತ್ತಿಕೋ ಎಂದು ಅಮ್ಮನಿಗೆ ಬೆರಳು ತಿರುಗಿಸುತ್ತಿದ್ದ ಚಿಕ್ಕವನನ್ನೇ ದಿಟ್ಟಿಸಿ ನೋಡಿ, ತಾನೂ ಒಂದು ಬೆರಳು ಮೇಲೆ ಮಾಡಿ ಗರಗರ ತಿರುಗಿಸತೊಡಗಿತು. ಅದನ್ನು ಕಂಡು ಪರದೆಯ ಮೇಲಿನದೂ ಬೆರಳೆತ್ತಿತು. ಆಮೇಲೆ ಮೇಜಿನ ಮೇಲಿನ ಎರಡೂ. ಆಮೇಲೆ ಎಲ್ಲವೂ.