ಷಡ್ಡಕರು ಓದಿದ ಕಿಟಕಿಗಳು

ನನ್ನ ಷಡ್ಡಕರಷ್ಟು ನಿಧಾನಸ್ಥರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಜಾಲಾಡಿದರೂ ಸಿಗಲಾರರು. ಹೊಟ್ಟೆಕಿಚ್ಚಿಗೆ ಹೀಗೆ ಹೇಳುತ್ತಿದ್ದೇನೆ ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ!

ಹೆಂಡತಿಯ ಅಕ್ಕನ ಗಂಡನಾದ ಇವರು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ನರಸಿಂಹರಾಜಪುರದಲ್ಲಿ ರೇಡಿಯೋ ರಿಪೇರಿಗೆ ಕುಳಿತವರು. ಗಿರಾಕಿ ಬಂದು ಕೇಳಿದರೆ, "ರೇಡಿಯೋ ಸರಿಯಾಗಿದೆ ಮಾರಾಯ, ನಾಟಕ ಮುಗೀಲಿಲ್ಲ, ಮುಂದಿನ ವಾರ ಬಾ" ಎನ್ನುವ ಆಸಾಮಿ! ನಾನೋ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಆದರೂ ಮಾವನ ಮನೆಯಲ್ಲಿ ದೊಡ್ಡ ಲೋಟದ ಕಾಫಿ ಅವರಿಗೆ. ಎಡಗೈಯಲ್ಲಿ ಲೋಟ ಹಿಡಿಯುವ ನನಗೆ ಸಣ್ಣದು, ಜೊತೆಗೆ ಮಾವನ ಕೆಂಗಣ್ಣು.

ಮಾವ ಕೊಪ್ಪದಲ್ಲಿ ಹೊಸ ಮನೆ ಕಟ್ಟಿಸಿದರು. ಕಿಟಕಿಗಳ ಗಾಜನ್ನು ಶಿವಮೊಗ್ಗದಿಂದ ಬಸ್ಸಿನಲ್ಲಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಬಣ್ಣ ಸಿಡಿಯದಿರಲೆಂದು ಪೇಂಟರು ಹಳೆಯ ವಾರಪತ್ರಿಕೆಯ ಹಾಳೆಗಳನ್ನು ಮೈದಾ ಅಂಟು ಬಳಿದು ಗಾಜಿಗೆಲ್ಲ ಮೆತ್ತಿದ್ದ. ಮರುದಿನ ಗೃಹಪ್ರವೇಶ. ಕಾಗದ ಕೀಳುವ ಕೆಲಸ ಅಳಿಯಂದಿರಿಗೆ.

ನನ್ನ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಅವಕಾಶವುಂಟೇ? ಮೈದಾದಲ್ಲಿರುವ ಪಿಷ್ಟದ ಗುಣಧರ್ಮಗಳ ಮೇಲೆ ಭಾಷಣ ಶುರುಮಾಡಿದೆ. ಷಡ್ಡಕರು ಅಂಟುವಾಳದ ಕಾಯಿ ನೆನೆಸಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಗಾಜಿಗೆ ಹಚ್ಚಿದರು.

"ಅಂಟುವಾಳ ಯಾಕೆ ಭಾವ?"

"ಅದರ ಹೆಸರಲ್ಲೇ ಅಂಟು ಉಂಟಲ್ಲ ಮಾರಾಯ! ನೆಂಟ್ರು ಬಂದು ಕರೆದ್ರೆ ಅಂಟು ಎದ್ದು ಹೋಗ್ತದೆ."

ಹೋಯಿತು ಕೂಡ! ಆದರೆ ಹಾಳೆ ನೆನೆಯುವಷ್ಟು ಹೊತ್ತು ಇವರು ಅದನ್ನು ಓದತೊಡಗಿದರು. ಅದರಲ್ಲೊಂದು ಧಾರಾವಾಹಿ. ಒಂದನೇ ಕಂತು ನಡುಮನೆಯಲ್ಲಿ, ಎರಡನೆಯದು ಅಡುಗೆಮನೆಯಲ್ಲಿ, ಮೂರನೆಯದು ಬಚ್ಚಲಿನಲ್ಲಿ! ಹೆಂಗಸರೆಲ್ಲ ಕೆಲಸ ಬಿಟ್ಟು ಅವರ ಹಿಂದೆ ಹೊರಟರು. "ಆಮೇಲೆಂತ ಆಯ್ತು ಭಾವ?" ಎಂದು ಎಲ್ಲರಿಗಿಂತ ಮುಂದೆ ಓಡಿದವಳು ನನ್ನ ಹೆಂಡತಿ. ನನ್ನ ಪಿಷ್ಟವನ್ನು ಕೇಳುವವರಿಲ್ಲ!

ಅಷ್ಟರಲ್ಲಿ ನಡುಮನೆಯ ಗಾಜಿನ ಮೇಲೆ 'ಕರ್ರ್' ಎಂದಿತು. ಕೆಲಸ ಬೇಗ ಮುಗಿಯಲೆಂದು ಬ್ಲೇಡು ಹಚ್ಚಿದ್ದಕ್ಕೆ ಗೇಣುದ್ದದ ಗೀರು ಬಿದ್ದಿತ್ತು. ಹಚ್ಚಿದವರು ಯಾರು? ನಾನೇ ಎಂದು ಆಗ ಗೊತ್ತಿತ್ತು. ಮಾವ ಓಡಿ ಬಂದರು. ಬ್ಲೇಡು ಹಿಡಿದಿದ್ದ ಎಡಗೈಯನ್ನು ಜೇಬಿಗಿಳಿಸಿದೆ.

"ನಾನೇ ಮಾವಯ್ಯ," ಎಂದರು, ಮುಂದಿನ ಕಂತು ಹುಡುಕುತ್ತ ಆಗಷ್ಟೇ ನಡುಮನೆಗೆ ಬಂದಿದ್ದ ಷಡ್ಡಕರು. "ಕಥೆಯಲ್ಲಿ ಮೈಮರೆತುಬಿಟ್ಟೆ."

"ನೀವಾ? ಹೋಗ್ಲಿ ಬಿಡಿ, ಹೊಸ ಮನೆಗೆ ದೃಷ್ಟಿಬೊಟ್ಟಾಯ್ತು!"

ಅತ್ತೆ ಅವರಿಗೆ ಇನ್ನೊಂದು ಲೋಟ ಕಾಫಿ ತಂದರು. ನೋಡಿದಿರಾ? ಗಾಜು ಗೀರಿದರೂ ಮರ್ಯಾದೆ ಅವರಿಗೇ!

ಅಂದಿನಿಂದ ಅದು 'ದೊಡ್ಡಳಿಯನ ಗೀರು'. ಬಂದವರಿಗೆಲ್ಲ ತೋರಿಸುತ್ತಾರೆ. ನಾನೂ ಈ ಕಥೆಯನ್ನು ಎಷ್ಟು ಸಲ ಹೇಳಿದೆನೆಂದರೆ, ಬರಬರುತ್ತಾ ಬ್ಲೇಡು ಅವರ ಕೈಯಲ್ಲೇ ಕಾಣತೊಡಗಿತು. ದೇವರಿಂದ ಹಿಡಿದು ಹವಾಮಾನ ವರದಿಯವರೆಗೆ ಎಲ್ಲವನ್ನೂ ಅನುಮಾನಿಸುವ ನಾನು, ನನಗೆ ಅನುಕೂಲವಾದ ಈ ನೆನಪನ್ನು ಮಾತ್ರ ಅನುಮಾನಿಸಲಿಲ್ಲ. ಬಹುಶಃ ಅವರೇ ಗೀರಿದ್ದರೋ ಏನೋ!

ಹೋದ ವರ್ಷ ಶೃಂಗೇರಿಯಲ್ಲಿ ನಾನೇ ಮನೆ ಕಟ್ಟಿಸಿದೆ. ಪೇಂಟರನ್ನು ತಡೆದು, ಹಳೆಯ ವಾರಪತ್ರಿಕೆಗಳನ್ನು ಹುಡುಕಿ ತಂದು, ನಾನೇ ಮೈದಾ ಕಲಸಿ ಗಾಜಿಗೆ ಹಚ್ಚಿದೆ.

"ಇದೆಂತ ಹುಚ್ಚು ನಿಮಗೆ?" ಎಂದಳು ಹೆಂಡತಿ.

"ಬಣ್ಣ ಸಿಡೀಬಾರದಲ್ಲ!"

ಷಡ್ಡಕರು ಅಂಟುವಾಳದ ಚೀಲದೊಂದಿಗೆ ಬಂದರು. ದಪ್ಪ ಕನ್ನಡಕವನ್ನು ಗಾಜಿಗೆ ತಾಗಿಸಿ, "ಒಂದನೇ ಕಂತು!" ಎಂದರು. ಪಕ್ಕದ ಕಿಟಕಿಗೆ ಹೋಗಿ, "ಎರಡನೇದು!" ಎಂದರು. ಮೂರನೆಯ ಕಿಟಕಿಯಲ್ಲೂ ಮುಂದಿನ ಕಂತನ್ನೇ ಕಂಡು, ತಿರುಗಿ ನನ್ನನ್ನು ನೋಡಿದರು.

"ನಿಧಾನಕ್ಕೆ ಓದಿ ಭಾವ," ಎಂದೆ. "ಗೃಹಪ್ರವೇಶಕ್ಕೆ ಇನ್ನೂ ಹತ್ತು ದಿನ ಉಂಟು."

ಅವರು ಸ್ಟೂಲು ಎಳೆದು ತಮ್ಮ ಪಕ್ಕದಲ್ಲಿ ಹಾಕಿದರು.

"ಕೂತ್ಕೊ ಮಾರಾಯ, ಕೇಳು." ಆಮೇಲೆ ಒಳಗಿದ್ದ ಹೆಂಗಸರಿಗೆ ಕೇಳಿಸದ ಹಾಗೆ, "ಈ ಸಲ ಬ್ಲೇಡು ಬೇಡ. ಆ ಎಡಗೈ ಜೇಬಲ್ಲೇ ಇರ್ಲಿ," ಎಂದರು.