ಬೊರಿವಲಿಯಲ್ಲಿ ಚೀನಾದ ಗಂಜಿ

ನನ್ನ ಯಜಮಾನರು, ತಿಲಕ್, ಮಲಾಡಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಊರಿಗೆಲ್ಲ ಇಡ್ಲಿ ತಿನ್ನಿಸುವ ಈ ಮಹಾನುಭಾವರಿಗೆ ಮನೆಯಲ್ಲಿ ಇಡ್ಲಿ ಕಂಡರೆ ವಾಕರಿಕೆಯಂತೆ. ಅದಕ್ಕೇ ಕಳೆದ ವಾರ ಒಂದು ಫರ್ಮಾನು ಹೊರಡಿಸಿದರು: ಇನ್ನು ದಿನಕ್ಕೊಂದು ದೇಶದ ತಿಂಡಿ. ಫೋನು ನೋಡಿ ಆಜ್ಞೆ ಮಾಡುವುದು ಅವರು, ಐದಕ್ಕೆದ್ದು ಬೇಯಿಸುವುದು ನಾನು. (ನನಗೂ ಆಫೀಸಿದೆ, 8.12ರ ಲೋಕಲ್ ರೈಲಿದೆ ಎಂಬುದು ಯಾವ ದೇಶಕ್ಕೂ ತಿಳಿಯದು.)

ಸೋಮವಾರ ಇಂಗ್ಲೆಂಡು. ಟೋಸ್ಟಿನ ಮೇಲೆ ಸಿಹಿ ಬೀನ್ಸು, ಪಕ್ಕದಲ್ಲಿ ಹುರಿದ ಟೊಮೆಟೊ. ಮಂಗಳವಾರ ಜಪಾನು. ಬೆಳಗ್ಗೆ ಆರೂವರೆಗೆ ಬಂಗುಡೆ ಮೀನು ಕಾಯಿಸಿದೆ. ಎದುರುಮನೆಯ ಸಸ್ಯಾಹಾರಿಗಳು ಮೂಗಿಗೆ ಕರವಸ್ತ್ರ ಹಿಡಿದೇ ಬೆಲ್ ಒತ್ತಿದರು. ಬುಧವಾರ ಟರ್ಕಿ. ಆಲಿವ್, ಚೀಸ್, ಸೌತೆಕಾಯಿ, ಜೇನು, ಎಲ್ಲಕ್ಕೂ ಒಂದೊಂದು ಪುಟಾಣಿ ಬಟ್ಟಲು. ಆ ಹನ್ನೊಂದು ಬಟ್ಟಲು ತೊಳೆಯುವಷ್ಟರಲ್ಲಿ ನನ್ನ ಲೋಕಲ್ ಮುಂದಿನ ಸ್ಟೇಷನ್ ಕಾಂದಿವಲಿ ದಾಟಿತ್ತು. ಇದು ಉಪಾಹಾರವಲ್ಲ, ಉಪದ್ರವ.

ಗುರುವಾರ ಸಿಟ್ಟು ನೆತ್ತಿಗೇರಿತು. ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ನೀರು ಹೊಯ್ದು ಕುದಿಸಿ, ಉಪ್ಪಿನಕಾಯಿಯೊಂದಿಗೆ ಅವರ ಮುಂದೆ ಕುಕ್ಕಿದೆ.

"ಇದು ಯಾವ ದೇಶ?"

"ಚೀನಾ," ಎಂದೆ, ಹಲ್ಲು ಕಚ್ಚಿ.

ಅವರು ಫೋನು ತಿಕ್ಕಿದರು. "ಹೌದು ಮಾರಾಯ್ತಿ, ಅಲ್ಲಿ ಬೆಳಗ್ಗೆ ಗಂಜಿಯೇ ಅಂತೆ. ನಿನಗೆ ಹೇಗೆ ಗೊತ್ತಾಯ್ತು?"

ಮೊನ್ನೆ ಮೊನ್ನೆಯವರೆಗೂ ಗಂಜಿ ಎಂದರೆ ಜ್ವರದವರ ಊಟ ಎನ್ನುತ್ತಿದ್ದ ಮನುಷ್ಯ ಎರಡು ಬಟ್ಟಲು ಬಾರಿಸಿದರು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಬಿಲ್ಡಿಂಗಿನ ವಾಟ್ಸ್ಆ್ಯಪ್ ಗುಂಪಿಗೆ ಫೋಟೋ ಹಾಕಿ, ಭಾನುವಾರ ಹದಿನಾಲ್ಕು ಜನರನ್ನು "ಚೈನೀಸ್ ಬ್ರೇಕ್‌ಫಾಸ್ಟಿಗೆ" ಕರೆದೇಬಿಟ್ಟರು. ನನ್ನನ್ನು ಕೇಳದೆ.

"ಎಲ್ಲರೆದುರು ನಿಮ್ಮ ಮರ್ಯಾದೆ ತೆಗೀತೇನೆ ನೋಡಿ," ಎಂದೆ.

"ಆಯ್ತು, ತೆಗಿ. ಉಪ್ಪಿನಕಾಯಿ ಸ್ವಲ್ಪ ಜಾಸ್ತಿ ಇರಲಿ."

ಭಾನುವಾರ ದೊಡ್ಡ ಪಾತ್ರೆಯಲ್ಲಿ ಗಂಜಿಯೂ ಕುದಿಯಿತು, ನಾನೂ ಕುದಿದೆ. ಎಲ್ಲರಿಗೂ ಬಡಿಸಿದ ಮೇಲೆ ಸೌಟು ಹಿಡಿದೇ ನಡುವೆ ನಿಂತೆ. ಇದು ನಮ್ಮೂರ ಗಂಜಿ, ಈ ಮನುಷ್ಯನಿಗೆ ಬುದ್ಧಿಯಿಲ್ಲ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಮೂರನೆಯ ಮಹಡಿಯ ರೂಪಾಲಿ ಬಟ್ಟಲು ಕೆಳಗಿಟ್ಟು, ಬಹಳ ಚೆನ್ನಾಗಿದೆ ಎಂದು ಹೊಗಳುತ್ತ ನನ್ನ ಕೈ ಹಿಡಿದಳು. "ವಹಿನಿ, ಫಾರ್ ಛಾನ್. ಆಪ್ ಚೈನಾ ಗಯೀ ಥೀ ಕ್ಯಾ?"

ಚೀನಾಕ್ಕೆ ಹೋಗಿದ್ದಿರಾ ಎಂದರೆ ಏನು ಹೇಳಲಿ? ಲೋಕಲ್ಲಿನಲ್ಲಿ ವಿರಾರ್ ಸ್ಟೇಷನ್ನಿನ ಆಚೆಗೂ ಒಬ್ಬಳೇ ಹೋಗದ ನಾನು ಸೌಟು ಇಳಿಸಿದೆ. ಹದಿನಾಲ್ಕು ಮುಖಗಳು ನನ್ನನ್ನೇ ನೋಡುತ್ತಿದ್ದವು. ಇಷ್ಟು ವರ್ಷ ನನ್ನ ಅಡುಗೆಯನ್ನು ಯಾರೂ ಹೀಗೆ ನೋಡಿರಲಿಲ್ಲ.

"ಯೇ ತೋ ಕುಛ್ ನಹೀ," ಎಂದಿತು ನನ್ನದೇ ಬಾಯಿ. "ಅಗ್ಲೇ ಸಂಡೇ ಮೆಕ್ಸಿಕೋ. ಸಬ್ ಆನಾ."

ಮುಂದಿನ ಭಾನುವಾರಕ್ಕೂ ಎಲ್ಲರಿಗೂ ಆಹ್ವಾನ ಸಿಕ್ಕಿದ್ದೇ ಚಪ್ಪಾಳೆ ಬಿತ್ತು. ತಿಲಕ್ ಮಾತ್ರ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಲ್ಲ ಹರಿಣಿ, ಅಲ್ಲಿ ಬೆಳಗ್ಗೆ ಎಂತ ತಿಂತಾರೆ, ಗೊತ್ತುಂಟಾ?"

"ಸುಮ್ಮನೆ ಫೋನ್ ತೆಗೆದು ನೋಡಿ," ಎಂದೆ.